ಶಿಬಿರ ಮುಗಿದ ಮೇಲೆ ಏನು? ಕರ್ನಾಟಕದ ಹಳ್ಳಿಗಳಲ್ಲಿ ಅಂಗವಿಕಲರ ಜೊತೆ ಕೆಲಸ ಮಾಡುವವರಿಗೆ ಒಂದು ಮಾರ್ಗದರ್ಶಿ

ಒಂದು ಹಳ್ಳಿಯ ಶಾಲೆಯ ಅಂಗಳದಲ್ಲಿ ನಾವು ಆರೋಗ್ಯ ಜಾಗೃತಿ ಶಿಬಿರ ಮಾಡಿದ್ದೆವು. ಶಾಮಿಯಾನ, ಬ್ಯಾನರ್, ಮೈಕ್ ಎಲ್ಲ ಇತ್ತು. ಜನ ಚೆನ್ನಾಗಿ ಸೇರಿದ್ದರು. ಅಂಗವಿಕಲರಿಗೆ ಸಿಗುವ ಸೌಲಭ್ಯಗಳ ಪಟ್ಟಿ ಅಚ್ಚು ಹಾಕಿಸಿ ಎಲ್ಲರ ಕೈಗೂ ಕೊಟ್ಟೆವು. ಏಳೆಂಟು ತಿಂಗಳಾದ ಮೇಲೆ ಅದೇ ಊರಿನ ಒಂದು ಮನೆಗೆ ಹೋದೆ. ಆ ಮನೆಯ ಒಂಬತ್ತು ವರ್ಷದ ಹುಡುಗಿಗೆ ಕಿವಿ ಕೇಳಿಸುತ್ತಿರಲಿಲ್ಲ. ತಾಯಿ ಒಳಗಿನಿಂದ ಟ್ರಂಕು ತಂದು, ರೇಷನ್ ಕಾರ್ಡಿನ ಕೆಳಗಿದ್ದ ನಮ್ಮ ಕರಪತ್ರ ತೆಗೆದರು. ನಾಲ್ಕು ಮಡಿಕೆ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನವಾಗಿ ಇಟ್ಟಿದ್ದರು. "ಇದನ್ನ ಯಾವ ಆಫೀಸಿಗೆ ಕೊಡಬೇಕು ಮೇಡಂ?" ಅಂತ ಕೇಳಿದರು.

ಅವರು ಆ ಕರಪತ್ರವನ್ನೇ ಅರ್ಜಿ ಅಂದುಕೊಂಡಿದ್ದರು. ತಪ್ಪು ಅವರದಲ್ಲ, ನಮ್ಮದು. ಹದಿನಾರು ಸೌಲಭ್ಯಗಳ ಹೆಸರು ಬರೆದಿದ್ದೆವು. ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಮಾತ್ರ ಬರೆದಿರಲಿಲ್ಲ.

ಅವತ್ತಿನಿಂದ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಈಗ ಪ್ರತಿ ಮನೆಯಲ್ಲೂ ನನ್ನಲ್ಲಿರುವುದು ಒಂದೇ ಪ್ರಶ್ನೆ: ಇವರ ಕೆಲಸ ಎಲ್ಲಿಗೆ ಬಂದು ನಿಂತಿದೆ? ಅದು ಗೊತ್ತಾದರೆ ಅಲ್ಲಿಂದ ಒಂದು ಹೆಜ್ಜೆ ಮುಂದೆ ತಳ್ಳಬಹುದು. ಸಮಾಜಕಾರ್ಯ ಓದುತ್ತಿರುವವರು, ಸ್ವಸಹಾಯ ಸಂಘದವರು, ಸ್ವಯಂಸೇವಕರು, ಊರಿಗೆ ಏನಾದರೂ ಮಾಡಬೇಕು ಅಂತ ಮನಸ್ಸಿರುವ ಯಾರಾದರೂ ಈ ಹಂತಗಳನ್ನು ಅನುಸರಿಸಬಹುದು.

ಹಂತ 1: ಊರಿನಲ್ಲಿ ಆಗಲೇ ಯಾರಿದ್ದಾರೆ ನೋಡಿ

ಹೋದ ಕೂಡಲೇ ಮನೆ ಮನೆ ಸುತ್ತಲು ಹೊರಡಬೇಡಿ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಎಲ್ಲರೂ ವಿ.ಆರ್.ಡಬ್ಲ್ಯೂ ಅಂತಲೇ ಕರೆಯುವುದು. ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂ.ಆರ್.ಡಬ್ಲ್ಯೂ ಇರುತ್ತಾರೆ. ಇವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರ ಪಿಂಚಣಿ ನಿಂತುಹೋಗಿದೆ, ಯಾರು ಮೂರು ಸಲ ಆಸ್ಪತ್ರೆಗೆ ಅಲೆದು ಬೇಸತ್ತಿದ್ದಾರೆ ಅನ್ನುವುದು ಅವರಿಗೆ ಬಾಯಿಪಾಠ. ಮೊದಲ ಭೇಟಿ ಅವರದೇ ಆಗಿರಲಿ. ಅವರ ಕೆಲಸವನ್ನು ನೀವು ಕಿತ್ತುಕೊಳ್ಳಲು ಬಂದಿಲ್ಲ, ಕೈ ಜೋಡಿಸಲು ಬಂದಿದ್ದೀರಿ ಅನ್ನುವುದು ಅವರಿಗೆ ಮನವರಿಕೆಯಾಗಬೇಕು.

ಆಮೇಲೆ ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಟೀಚರ್. ಯಾರು ಬಸುರಿ, ಯಾರ ಹೆರಿಗೆ ಕಷ್ಟವಾಯಿತು ಅನ್ನುವುದು ಆಶಾಗೆ ಗೊತ್ತು. ಯಾವ ಮಗು ಇನ್ನೂ ನಡೆಯುತ್ತಿಲ್ಲ, ಯಾವ ಮಗು ಕರೆದರೆ ತಿರುಗಿ ನೋಡುವುದಿಲ್ಲ ಅನ್ನುವುದು ಟೀಚರಿಗೆ ಗೊತ್ತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡುವ ತಂಡ ಅದು. ಮುಂದಿನ ಭೇಟಿ ಯಾವತ್ತು ಅಂತ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಬರೆದಿಟ್ಟುಕೊಳ್ಳಿ. ಆ ದಿನ ಶಾಲೆಗೆ ಬಾರದ ಮಕ್ಕಳನ್ನೂ ಕರೆತರುವುದು ನಿಮ್ಮ ಕೆಲಸ. ಯಾಕೆಂದರೆ ಜಾಸ್ತಿ ತೊಂದರೆ ಇರುವ ಮಕ್ಕಳು ಶಾಲೆಯಲ್ಲಿ ಇರುವುದೇ ಇಲ್ಲ, ಮನೆಯಲ್ಲೇ ಇರುತ್ತಾರೆ.

ಹಂತ 2: ಮನೆಯ ಬಾಗಿಲಲ್ಲಿ ಏನು ಕೇಳಬೇಕು

"ನಿಮ್ಮ ಮನೆಯಲ್ಲಿ ಅಂಗವಿಕಲರು ಇದ್ದಾರಾ?" ಅಂತ ಕೇಳಿದರೆ "ಇಲ್ಲ" ಅನ್ನುತ್ತಾರೆ. ಸುಳ್ಳು ಹೇಳಬೇಕು ಅಂತಲ್ಲ. ಕಾಲಿಲ್ಲದವರು, ಕಣ್ಣಿಲ್ಲದವರು ಮಾತ್ರ ಅಂಗವಿಕಲರು ಅಂತ ಬಹಳ ಜನ ತಿಳಿದಿದ್ದಾರೆ. ಇನ್ನು ಕೆಲವರಿಗೆ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ, ವಿಷಯ ಹೊರಗೆ ಹೋದರೆ ಸಂಬಂಧ ತಪ್ಪುತ್ತದೆ ಅನ್ನುವ ಭಯ. 2011ರ ಜನಗಣತಿ ಕರ್ನಾಟಕದಲ್ಲಿ ಸುಮಾರು 13 ಲಕ್ಷ 24 ಸಾವಿರ ಅಂಗವಿಕಲರನ್ನು ಲೆಕ್ಕ ಹಾಕಿತು. ಬಾಗಿಲಲ್ಲಿ ಹೇಳದೇ ಉಳಿದವರು ಆ ಲೆಕ್ಕದಲ್ಲೂ ಇಲ್ಲ.

ಹಾಗಾಗಿ ಕಷ್ಟದ ಬಗ್ಗೆ ಕೇಳಿ, ಹಣೆಪಟ್ಟಿಯ ಬಗ್ಗೆ ಬೇಡ. ಜಗತ್ತಿನ ಹಲವು ಕಡೆ ಜನಗಣತಿಯಲ್ಲಿ ಬಳಸುವ ವಾಷಿಂಗ್ಟನ್ ಗ್ರೂಪಿನ ಆರು ಪ್ರಶ್ನೆಗಳಿವೆ. ಅವನ್ನು ನಮ್ಮ ಮಾತಿನಲ್ಲಿ ಹೀಗೆ ಕೇಳಬಹುದು: ಮನೆಯಲ್ಲಿ ಯಾರಿಗಾದರೂ ಕನ್ನಡಕ ಹಾಕಿದರೂ ಕಾಣುವುದು ಕಷ್ಟವಾ? ಕೇಳಿಸುವುದು ಕಷ್ಟವಾ? ನಡೆಯಲು, ಮೆಟ್ಟಿಲು ಹತ್ತಲು ಆಗುವುದಿಲ್ಲವಾ? ನೆನಪಿಟ್ಟುಕೊಳ್ಳುವುದು, ಒಂದು ಕಡೆ ಮನಸ್ಸು ಇಡುವುದು ಕಷ್ಟವಾ? ಸ್ನಾನ ಮಾಡುವುದು, ಬಟ್ಟೆ ಹಾಕಿಕೊಳ್ಳುವುದಕ್ಕೆ ಇನ್ನೊಬ್ಬರು ಬೇಕಾ? ಅವರು ಹೇಳಿದ್ದು ಬೇರೆಯವರಿಗೆ, ಬೇರೆಯವರು ಹೇಳಿದ್ದು ಅವರಿಗೆ ಅರ್ಥವಾಗುವುದು ಕಷ್ಟವಾ? ಹೀಗೆ ಕೇಳಿದರೆ ಒಳಕೋಣೆಯಲ್ಲಿರುವ ಅಜ್ಜಿಯೂ, ಮೂರ್ಛೆ ಬರುವ ಹುಡುಗನೂ, ಎರಡು ವರ್ಷದಿಂದ ಮನೆ ಬಿಟ್ಟು ಹೊರಗೆ ಬಾರದ ಚಿಕ್ಕಪ್ಪನೂ ಮಾತಿಗೆ ಬರುತ್ತಾರೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸುತ್ತದೆ. ಅದಕ್ಕೂ ಮೊದಲಿದ್ದ 1995ರ ಕಾಯ್ದೆಯಲ್ಲಿ ಇದ್ದದ್ದು ಏಳೇ. ಆಟಿಸಂ, ಮಾನಸಿಕ ಕಾಯಿಲೆ, ಕಲಿಕೆಯ ನ್ಯೂನತೆ, ರಕ್ತದ ಕಾಯಿಲೆಗಳಾದ ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್, ಹಾಗೆಯೇ ಪಾರ್ಕಿನ್ಸನ್ಸ್, ಕುಷ್ಠರೋಗ ವಾಸಿಯಾದವರು, ಆಸಿಡ್ ದಾಳಿಗೆ ಒಳಗಾದವರು ಎಲ್ಲರೂ ಈ ಪಟ್ಟಿಯಲ್ಲಿ ಬರುತ್ತಾರೆ. ಈ 21 ಹೆಸರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ನಾನು ಈಗಲೂ ಅದನ್ನು ತಿರುವಿ ನೋಡುತ್ತೇನೆ.

ಮಾತಾಡುವಾಗ ಆ ವ್ಯಕ್ತಿಯ ಕಣ್ಣು ನೋಡಿ ಮಾತಾಡಿ. ಅವರು ಎದುರಿಗೇ ಕೂತಿರುವಾಗ ಅವರ ಅಮ್ಮನ ಹತ್ತಿರ "ಇವನಿಗೆ ಏನಾಗಿದೆ?" ಅಂತ ಕೇಳುವುದು ನೋವು ಕೊಡುತ್ತದೆ. ಕುಂಟ, ಮೂಗ, ಹುಚ್ಚ ಅನ್ನುವ ಮಾತು ಊರಿನಲ್ಲಿ ಎಷ್ಟೇ ರೂಢಿಯಲ್ಲಿದ್ದರೂ ನಿಮ್ಮ ಬಾಯಲ್ಲಿ ಬರಬಾರದು. ಅಂಗವಿಕಲ, ವಿಕಲಚೇತನ, ವಿಶೇಷಚೇತನ ಅಂತ ಮೂರೂ ಬಳಕೆಯಲ್ಲಿವೆ. ಯಾವುದು ಇಷ್ಟ ಅಂತ ಅವರನ್ನೇ ಕೇಳಿ. ಹೆಚ್ಚಿನವರು ಹೇಳುವುದು "ಹೆಸರು ಹಿಡಿದು ಕರೀರಿ ಸಾಕು" ಅಂತ. ಇನ್ನೊಂದು ಮಾತು. ಕೇಳದೆ ಫೋಟೋ ತೆಗೆಯಬೇಡಿ. ಅವರ ಕಾಯಿಲೆಯ ಕಥೆಯನ್ನು ಪಕ್ಕದ ಮನೆಯ ಜಗಲಿಯಲ್ಲಿ ಕೂತು ಹೇಳಬೇಡಿ.

ಹಂತ 3: ಜಾಗೃತಿ ಅಂದರೆ ಸರಿಯಾದ ಮಾತು, ಸರಿಯಾದ ಹೊತ್ತಿಗೆ

ಒಂದೇ ಭಾಷಣದಲ್ಲಿ ಎಲ್ಲ ಹೇಳಿದರೆ ಯಾರಿಗೂ ಏನೂ ಉಳಿಯುವುದಿಲ್ಲ. ಯಾರಿಗೆ ಯಾವ ಮಾತು ಈಗ ಬೇಕೋ ಅದನ್ನು ಅವರಿಗೆ ಹೇಳಬೇಕು.

ಹೊಸದಾಗಿ ಮದುವೆಯಾದವರಿಗೆ ಫೋಲಿಕ್ ಆಸಿಡ್ ಮಾತ್ರೆಯ ವಿಷಯ ಹೇಳಿ. ಮಗುವಿನ ಮೆದುಳು ಮತ್ತು ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ ಮೊದಲ 4 ವಾರಗಳಲ್ಲೇ. ಎಷ್ಟೋ ಹೆಣ್ಣುಮಕ್ಕಳಿಗೆ ಅಷ್ಟರಲ್ಲಿ ತಾನು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಆದ್ದರಿಂದ ಮೂರನೇ ತಿಂಗಳಿಗೆ ಮಾತ್ರೆ ಶುರು ಮಾಡಿದರೆ ಈ ಒಂದು ವಿಷಯಕ್ಕೆ ತಡವಾಗಿರುತ್ತದೆ. ಮಗು ಬೇಕು ಅಂದುಕೊಂಡಾಗಲೇ ಆರೋಗ್ಯ ಕೇಂದ್ರದಲ್ಲಿ ಕೇಳಿ ಶುರು ಮಾಡಬೇಕು.

ಸೋದರಮಾವ, ಅತ್ತೆ ಮಗ ಅಂತ ರಕ್ತಸಂಬಂಧದಲ್ಲಿ ಮದುವೆ ಮಾಡುವ ರೂಢಿ ನಮ್ಮಲ್ಲಿ ಇದೆ. ಅದರಿಂದ ಹುಟ್ಟುವ ಮಕ್ಕಳಿಗೆಲ್ಲ ತೊಂದರೆ ಆಗುತ್ತದೆ ಅಂತಲ್ಲ. ಆದರೆ ಒಂದೇ ದೋಷವಿರುವ ಜೀನು ತಂದೆ ತಾಯಿ ಇಬ್ಬರಿಂದಲೂ ಬರುವ ಸಾಧ್ಯತೆ ಜಾಸ್ತಿ. ಕಿವುಡುತನ ಮತ್ತು ಕೆಲವು ಅಪರೂಪದ ಕಾಯಿಲೆಗಳು ಹೀಗೆ ಬರಬಹುದು. ಇದನ್ನು ಮದುವೆ ಮಾತುಕತೆಗೆ ಮೊದಲು ಹೇಳಬೇಕು. ಮಗು ಹುಟ್ಟಿದ ಮೇಲೆ "ಸಂಬಂಧದಲ್ಲಿ ಮಾಡಿಕೊಂಡಿರಲ್ಲ, ಅದಕ್ಕೇ" ಅಂದರೆ ಯಾರಿಗೇನು ಪ್ರಯೋಜನ? ಆ ತಾಯಿಯ ಎದೆಗೆ ಇನ್ನೊಂದು ಕಲ್ಲು ಇಟ್ಟಂತೆ.

ರುಬೆಲ್ಲಾ ಅನ್ನುವ ಸೋಂಕು ಬಸುರಿಗೆ ಬಂದರೆ ಹೊಟ್ಟೆಯಲ್ಲಿರುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು ಬೀಳಬಹುದು. ಅದನ್ನು ತಡೆಯುವ ದಡಾರ-ರುಬೆಲ್ಲಾ ಲಸಿಕೆ ಕರ್ನಾಟಕದಲ್ಲಿ 2017ರ ಫೆಬ್ರವರಿಯಿಂದ ಇದೆ. ಮೊದಲ ಡೋಸ್ 9ರಿಂದ 12 ತಿಂಗಳಿಗೆ, ಎರಡನೆಯದು 16ರಿಂದ 24 ತಿಂಗಳಿಗೆ. ಎರಡನೇ ಡೋಸ್ ತಪ್ಪಿಸಿಕೊಂಡ ಮಕ್ಕಳು ಬಹಳ. ಕೂಲಿಗೆ ಅಂತ ಊರು ಬಿಟ್ಟು ಹೋಗಿ ಬಂದ ಕುಟುಂಬಗಳ ತಾಯಿ ಕಾರ್ಡನ್ನು ತಪ್ಪದೇ ತೆರೆದು ನೋಡಿ.

ಬಾಣಂತಿ ಮನೆಯಲ್ಲಿ ಎರಡು ವಿಷಯ ನೋಡಿ. ಒಂದು, ಕಾಮಾಲೆ. ಮಗುವಿನ ಮುಖ ಸ್ವಲ್ಪ ಹಳದಿಯಾಗುವುದು ಸಾಮಾನ್ಯ. ಅಂಗೈ ಅಂಗಾಲಿನವರೆಗೆ ಹಳದಿ ಇಳಿದರೆ, ಮಗು ಹಾಲು ಕುಡಿಯದೆ ಮಂಕಾದರೆ, ಎಳೆ ಬಿಸಿಲಿಗೆ ಹಿಡಿದು ಕಾಯುವ ಹೊತ್ತಲ್ಲ ಅದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮಿತಿ ಮೀರಿದ ಕಾಮಾಲೆ ಮೆದುಳಿಗೂ ಕಿವಿಗೂ ಹಾನಿ ಮಾಡುತ್ತದೆ. ಎರಡು, ಒಳಕ್ಕೆ ತಿರುಗಿದ ಪಾದ. ಹುಟ್ಟಿದ ಮೊದಲ ವಾರಗಳಲ್ಲೇ ಶುರು ಮಾಡಿದರೆ ವಾರಕ್ಕೊಂದು ಪ್ಲಾಸ್ಟರ್ ಪಟ್ಟಿ ಹಾಕುತ್ತಾ ಸರಿಮಾಡುವ ಪೊನ್ಸೆಟಿ ವಿಧಾನ ಇದೆ. ಆಮೇಲೆ ಕೆಲವು ವರ್ಷ ರಾತ್ರಿ ಹೊತ್ತು ವಿಶೇಷ ಬೂಟು ಹಾಕಬೇಕು. ಪಟ್ಟಿ ಬಿಚ್ಚಿದ ಮೇಲೆ ಕಾಲು ನೆಟ್ಟಗಾಯಿತು ಅಂತ ಬೂಟು ಬಿಟ್ಟುಬಿಡುತ್ತಾರೆ. ಆಗ ಪಾದ ಮತ್ತೆ ತಿರುಗುತ್ತದೆ. ಹಾಗಾಗಿ ಜಾಸ್ತಿ ಗಮನ ಬೇಕಾದದ್ದು ಪಟ್ಟಿಗಿಂತ ಬೂಟಿಗೆ.

ಇನ್ನು ಕಿವಿ. ಮಗು ಹುಟ್ಟಿದ 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ತೊಂದರೆ ಇದೆಯೋ ಇಲ್ಲವೋ ಅಂತ ಖಚಿತ ಮಾಡಿಕೊಳ್ಳುವುದು, 6 ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ. ತಜ್ಞರು ಹೇಳುವ ಲೆಕ್ಕ ಇದು. ನಮ್ಮ ಮನೆಗಳಲ್ಲಿ ನಡೆಯುವುದೇ ಬೇರೆ. ಎರಡು ವರ್ಷವಾದರೂ ಮಗು ಮಾತಾಡದಿದ್ದರೆ "ಅವರಪ್ಪನೂ ತಡವಾಗೇ ಮಾತಾಡಿದ್ದು" ಅನ್ನುತ್ತಾರೆ. ನಾಲ್ಕಾದ ಮೇಲೆ ಹರಕೆ. ಆರು ದಾಟಿದ ಮೇಲೆ ಆಸ್ಪತ್ರೆ. ಮೆದುಳು ಮಾತು ಕಲಿಯುವ ಒಳ್ಳೆಯ ಕಾಲ ಅಷ್ಟರಲ್ಲಿ ಕಳೆದುಹೋಗಿರುತ್ತದೆ. ಟ್ರಂಕಿನಿಂದ ಕರಪತ್ರ ತೆಗೆದ ಆ ತಾಯಿಯ ಮನೆಯಲ್ಲೂ ಆದದ್ದು ಇದೇ. ಹರಕೆ ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. "ಹರಕೆಯೂ ಇರಲಿ, ಈ ವಾರ ಕಿವಿ ಪರೀಕ್ಷೆಯೂ ಆಗಲಿ" ಅನ್ನುತ್ತೇನೆ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ರಾಜ್ಯದ ಎಲ್ಲ ಕಡೆಯಿಂದ ಜನ ಹೋಗುತ್ತಾರೆ. ಮಕ್ಕಳ ತೊಂದರೆಯನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಶೀಘ್ರ ಮಧ್ಯಸ್ಥಿಕೆ ಕೇಂದ್ರ ಜಿಲ್ಲಾ ಆಸ್ಪತ್ರೆಯಲ್ಲಿದೆ, ಅಲ್ಲಿ ಮೊದಲು ತೋರಿಸಬಹುದು.

ಸೀಳುತುಟಿಯ ಮಗು ಹುಟ್ಟಿದರೆ ಗ್ರಹಣದ ದಿನ ಬಸುರಿ ತರಕಾರಿ ಹೆಚ್ಚಿದಳು ಅಂತ ಮಾತು ಹುಟ್ಟುತ್ತದೆ. ಒಂದು ಮನೆಯಲ್ಲಿ ಅತ್ತೆ ಎಲ್ಲರೆದುರು ಇದನ್ನೇ ಹೇಳುತ್ತಿದ್ದರು. ಸೊಸೆ ತಲೆ ಎತ್ತದೆ ಕೂತಿದ್ದಳು. ನಾನು ವಾದಕ್ಕೆ ಹೋಗಲಿಲ್ಲ. ಶಸ್ತ್ರಚಿಕಿತ್ಸೆ ಆದ ಮಗುವೊಂದರ ಮೊದಲಿನ ಫೋಟೋ, ಆಮೇಲಿನ ಫೋಟೋ ಎರಡೂ ಮೊಬೈಲಿನಲ್ಲಿತ್ತು. ಆ ಮಗುವಿನ ತಾಯಿ ಒಪ್ಪಿ ಕೊಟ್ಟದ್ದು ಅದು. ಅತ್ತೆಯ ಕೈಗೇ ಕೊಟ್ಟೆ. ಅವರು ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿ, ತುಟಿಯ ಮೇಲಿನ ಸಣ್ಣ ಗೆರೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು "ಎಷ್ಟು ತಿಂಗಳಿಗೆ ಮಾಡ್ತಾರೆ?" ಅಂತ. ಗ್ರಹಣದ ಮಾತು ಅಲ್ಲಿಗೆ ನಿಂತಿತು. ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ 3ರಿಂದ 6 ತಿಂಗಳಿಗೆ, ಅಂಗುಳಿನದು ಒಂದೂವರೆ ವರ್ಷದೊಳಗೆ ಆಗುತ್ತದೆ. ಅಲ್ಲಿಯವರೆಗೆ ಮಗುವನ್ನು ನೆಟ್ಟಗೆ ಕೂರಿಸಿದಂತೆ ಹಿಡಿದು ಹಾಲು ಕುಡಿಸುವುದನ್ನು ಕಲಿಸಿ.

ಮೂರ್ಛೆ ಬಂದಾಗ ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು ಈಗಲೂ ಇದೆ. ಶಾಲೆಯ ಮಕ್ಕಳಿಗೇ ಕಲಿಸಿ, ಅವರು ಮನೆಯಲ್ಲಿ ಹೇಳುತ್ತಾರೆ. ಬಾಯಿಗೆ ಏನೂ ಹಾಕಬಾರದು. ಸುತ್ತ ಇರುವ ಗಟ್ಟಿ ವಸ್ತು ಸರಿಸಿ, ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಬೇಕು. 5 ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು.

ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ಕುಷ್ಠರೋಗದ ತಪಾಸಣೆ ಮಾಡಿಸಿ. ಔಷಧಿ ಉಚಿತ, 6 ಅಥವಾ 12 ತಿಂಗಳಲ್ಲಿ ಮುಗಿಯುತ್ತದೆ. ಬೇಗ ಶುರು ಮಾಡಿದರೆ ಕೈ ಕಾಲಿನ ಊನ ತಪ್ಪುತ್ತದೆ.

ಇದೆಲ್ಲ ಹೇಳುವಾಗ ಒಂದು ಎಚ್ಚರ ಇರಲಿ. ಸಭೆಯಲ್ಲಿ ಅಂಗವಿಕಲರೂ ಕೂತಿರುತ್ತಾರೆ. "ಇಂಥ ಮಗು ಹುಟ್ಟಬಾರದು ಅಂದರೆ" ಅಂತ ಮಾತು ಶುರು ಮಾಡಿದರೆ ಅವರಿಗೆ ಹೇಗನ್ನಿಸುತ್ತದೆ, ಅಲ್ವಾ? ತಡೆಯಬಹುದಾದ ಕಾಯಿಲೆಯ ಬಗ್ಗೆ ಹೇಳಿ. ಅಲ್ಲಿ ಕೂತಿರುವವರ ಬದುಕು ಒಂದು ಎಚ್ಚರಿಕೆಯ ಫಲಕ ಆಗಬಾರದು.

ಹಂತ 4: ಸರ್ಟಿಫಿಕೇಟು ಮತ್ತು ಯುಡಿಐಡಿ ಕಾರ್ಡು

ಹೆಚ್ಚಿನ ಕೆಲಸಗಳು ಬಂದು ನಿಲ್ಲುವುದು ಇಲ್ಲೇ. ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಇಲ್ಲದೆ ಮುಂದಿನ ಯಾವ ಬಾಗಿಲೂ ತೆರೆಯುವುದಿಲ್ಲ. ಬಹುಪಾಲು ಸೌಲಭ್ಯಕ್ಕೆ ಕನಿಷ್ಠ ಶೇ 40 ಅಂಗವೈಕಲ್ಯ ಇರಬೇಕು.

ಅರ್ಜಿ ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಹಾಕಬೇಕು. ವಿ.ಆರ್.ಡಬ್ಲ್ಯೂ ಸಹಾಯ ಮಾಡುತ್ತಾರೆ. ಕೂರುವ ಮೊದಲು ಆಧಾರ್, ಫೋಟೋ, ವಿಳಾಸದ ದಾಖಲೆ, ಹಳೆಯ ಆಸ್ಪತ್ರೆ ಚೀಟಿಗಳು ಕೈಯಲ್ಲಿರಲಿ. ಆಧಾರ್‌ನಲ್ಲಿ ಹೆಸರು, ಹುಟ್ಟಿದ ದಿನ ಸರಿಯಾಗಿದೆಯಾ ನೋಡಿ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಈಗಲೇ ತಿದ್ದಿಸಿ, ಇಲ್ಲದಿದ್ದರೆ ಪಿಂಚಣಿಯ ಹೊತ್ತಿಗೆ ಮತ್ತೆ ಅಲೆದಾಟ. ಮೊಬೈಲ್ ನಂಬರು ಆ ಮನೆಯವರದೇ ಆಗಿರಲಿ. ಅರ್ಜಿ ಹಾಕಿದ ಅಂಗಡಿಯವರ ನಂಬರು ಕೊಟ್ಟು, ಆಸ್ಪತ್ರೆಯ ದಿನಾಂಕದ ಮೆಸೇಜು ಅಲ್ಲೇ ಉಳಿದುಹೋದ ಮನೆಗಳನ್ನು ನೋಡಿದ್ದೇನೆ.

ಆಮೇಲೆ ಆಸ್ಪತ್ರೆ. ಹೋಗುವ ಮೊದಲು ಫೋನ್ ಮಾಡಿ ಎರಡು ವಿಷಯ ಕೇಳಿ. ಯಾವ ತಜ್ಞರು ಯಾವ ವಾರ ಇರುತ್ತಾರೆ? ಯಾವ ಪರೀಕ್ಷೆಯ ವರದಿ ಬೇಕು? ಮೂಳೆ ವೈದ್ಯರ ದಿನ ಕಿವಿಯ ತೊಂದರೆಯವರು ಹೋದರೆ ದಿನದ ಕೂಲಿಯೂ ಬಸ್ಸಿನ ದುಡ್ಡೂ ಹೋಯಿತು. ಕಿವಿಗೆ ಎಷ್ಟು ಕೇಳಿಸುತ್ತದೆ ಅಂತ ತೋರಿಸುವ ಆಡಿಯೋಗ್ರಾಮ್ ಬೇಕು, ಎಳೆ ಮಕ್ಕಳಿಗೆ ಶಬ್ದ ಮೆದುಳಿಗೆ ಮುಟ್ಟುತ್ತದಾ ಅಂತ ನೋಡುವ ಬೇರಾ (BERA) ಪರೀಕ್ಷೆ. ಬೌದ್ಧಿಕ ಅಂಗವೈಕಲ್ಯಕ್ಕೆ ಮನಃಶಾಸ್ತ್ರಜ್ಞರು ಮಾಡುವ ಐಕ್ಯೂ ಪರೀಕ್ಷೆ. ಇವು ಎಲ್ಲ ತಾಲ್ಲೂಕು ಆಸ್ಪತ್ರೆಯಲ್ಲೂ ಇರುವುದಿಲ್ಲ.

ಸಾಧ್ಯವಾದರೆ ಮೊದಲ ಸಲ ನೀವೂ ಜೊತೆಗೆ ಹೋಗಿ. ಸಾಲಿನಲ್ಲಿ ನಿಲ್ಲಲು ಒಬ್ಬರು, ಮಗುವನ್ನು ಸಮಾಧಾನ ಮಾಡಲು ಒಬ್ಬರು ಬೇಕು. ಆಟಿಸಂ ಇರುವ ಮಗುವಿಗೆ ಆಸ್ಪತ್ರೆಯ ಗಲಾಟೆ ತಡೆಯುವುದಕ್ಕೆ ಆಗುವುದಿಲ್ಲ. ಹೊರಗೆ ಮರದಡಿ ಕೂರಿಸಿ, ಸರದಿ ಬಂದಾಗ ಫೋನ್ ಮಾಡಿ ಅಂತ ಕೇಳಿಕೊಂಡರೆ ಸಿಬ್ಬಂದಿ ಸಾಮಾನ್ಯವಾಗಿ ಒಪ್ಪುತ್ತಾರೆ. ವೈದ್ಯರ ಎದುರು ಹೇಳಬೇಕಾದ್ದನ್ನು ಹಿಂದಿನ ದಿನವೇ ಮನೆಯವರ ಜೊತೆ ಕೂತು ಬರೆದುಕೊಳ್ಳಿ. ಎಷ್ಟೋ ತಾಯಂದಿರು "ಎಲ್ಲ ಮಾಡ್ತಾನೆ ಸಾರ್" ಅನ್ನುತ್ತಾರೆ. ಮಗನನ್ನು ಬಿಟ್ಟುಕೊಡಲು ಅವರಿಗೆ ಮನಸ್ಸು ಬರುವುದಿಲ್ಲ. ನಿಜವಾಗಿ ಅವನಿಗೆ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ, ರಸ್ತೆ ದಾಟಲು ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಅವನನ್ನು ಕೀಳು ಮಾಡಿದಂತಲ್ಲ ಅಂತ ಮೊದಲೇ ಮಾತಾಡಿಕೊಳ್ಳಿ.

ಶೇಕಡಾವಾರು ಕಡಿಮೆ ಕೊಟ್ಟಿದ್ದಾರೆ ಅನ್ನಿಸಿದರೆ ಮೇಲ್ಮನವಿಗೆ 2016ರ ಕಾಯ್ದೆಯಲ್ಲೇ ಅವಕಾಶ ಇದೆ. ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟಿದ್ದರೆ ಅದು ಮುಗಿಯುವ ದಿನಾಂಕ ಬರೆದಿಟ್ಟುಕೊಳ್ಳಿ.

ಹಂತ 5: ಕಾರ್ಡು ಬಂದಾಯಿತು, ಮುಂದೆ?

ಈಗ ಪಟ್ಟಿ ಓದಬೇಡಿ. "ನಿಮಗೆ ಈಗ ಮೊದಲು ಏನಾಗಬೇಕು?" ಅಂತ ಕೇಳಿ. ಒಬ್ಬರಿಗೆ ಪಿಂಚಣಿ, ಒಬ್ಬರಿಗೆ ಶೌಚಾಲಯಕ್ಕೆ ಹೋಗಲು ಹಿಡಿಕೆ, ಒಬ್ಬ ಹುಡುಗಿಗೆ ಕಾಲೇಜಿಗೆ ಬಸ್ ಪಾಸು. ಅವರು ಹೇಳಿದ್ದರಿಂದ ಶುರು ಮಾಡಿ.

ಮಾಸಿಕ ಪಿಂಚಣಿಗೆ ನಾಡಕಚೇರಿಯಲ್ಲಿ ಅರ್ಜಿ. ಮೊತ್ತ ಅಂಗವೈಕಲ್ಯದ ಶೇಕಡಾವಾರಿನ ಮೇಲೆ ಹೋಗುತ್ತದೆ. ರಸ್ತೆ ಸಾರಿಗೆ ನಿಗಮದ ರಿಯಾಯಿತಿ ಪಾಸು, ವಿದ್ಯಾರ್ಥಿವೇತನ ಬೇರೆ ಬೇರೆ ಅರ್ಜಿ. 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಮಗುವಿನ ಹಕ್ಕು. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಪಾಠ ಹೇಳಿಕೊಡುವ ವ್ಯವಸ್ಥೆ ಇದೆ. ಕ್ಷೇತ್ರ ಶಿಕ್ಷಣ ಕಚೇರಿಯಲ್ಲಿ ಬಿ.ಐ.ಇ.ಆರ್.ಟಿ, ಅಂದರೆ ಅಂಗವಿಕಲ ಮಕ್ಕಳ ಶಿಕ್ಷಣ ನೋಡಿಕೊಳ್ಳುವ ಶಿಕ್ಷಕರನ್ನು ಕೇಳಿ. ಸರ್ಕಾರಿ ನೌಕರಿಯಲ್ಲಿ ಶೇ 4, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5 ಮೀಸಲಾತಿ ಇದೆ.

ಗ್ರಾಮ ಪಂಚಾಯಿತಿಯ ಅನುದಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಇಡಬೇಕು. ಗ್ರಾಮಸಭೆಯಲ್ಲಿ ಪಿಡಿಒ ಹತ್ತಿರ ಕಳೆದ ವರ್ಷದ ಲೆಕ್ಕ ಕೇಳಿ. ಜಗಳದ ದನಿ ಬೇಡ. ಅಂಗವಿಕಲರೇ ಎದ್ದು ಕೇಳಿದರೆ ಇನ್ನೂ ಒಳ್ಳೆಯದು. ಹಿಂದಿನ ದಿನ ಕೂತು ಏನು ಕೇಳಬೇಕು ಅಂತ ಮಾತಾಡಿಕೊಳ್ಳಿ, ಸಾಕು.

ಆ ದುಡ್ಡಿನಲ್ಲಿ ರ‍್ಯಾಂಪ್ ಕಟ್ಟಿಸುವುದಾದರೆ ಟೇಪು ಹಿಡಿದು ಅಲ್ಲೇ ನಿಲ್ಲಿ. ಇಳಿಜಾರು 1ಕ್ಕೆ 12 ಇರಬೇಕು. ಅಂದರೆ ಅರ್ಧ ಅಡಿ ಎತ್ತರದ ಒಂದು ಮೆಟ್ಟಿಲಿಗೆ 6 ಅಡಿ ಉದ್ದ, ಮೂರು ಮೆಟ್ಟಿಲಿಗೆ 18 ಅಡಿ. ಮೂರು ಮೆಟ್ಟಿಲಿಗೆ ಐದು ಅಡಿಯ ರ‍್ಯಾಂಪ್ ಕಟ್ಟಿದ ಕಟ್ಟಡ ನೋಡಿದ್ದೇನೆ. ವೀಲ್ ಚೇರಿನಲ್ಲಿ ಕೂತವರು ಅದನ್ನು ಹತ್ತಲು ಹೋದರೆ ಹಿಂದಕ್ಕೆ ಮಗುಚುತ್ತಾರೆ. ಈಗ ಅದರ ಮೇಲೆ ಸೈಕಲ್ ನಿಲ್ಲಿಸುತ್ತಾರೆ.

ವೀಲ್ ಚೇರಿನ ಕಥೆಯೂ ಹಾಗೇ. ಎಲ್ಲರಿಗೂ ಒಂದೇ ಅಳತೆಯದು ಹಂಚಿದರೆ ಅದು ಕೊಟ್ಟಿಗೆ ಸೇರುತ್ತದೆ. ಕೂತಾಗ ಸೊಂಟದ ಎರಡೂ ಪಕ್ಕ ಎರಡು ಬೆರಳು ಹಿಡಿಯುವಷ್ಟು ಜಾಗ ಇರಬೇಕು, ಪಾದ ಹಲಗೆಗೆ ಸರಿಯಾಗಿ ಊರಬೇಕು. ಕೇಂದ್ರದ ಎಡಿಐಪಿ ಯೋಜನೆಯ ಶಿಬಿರಗಳಲ್ಲಿ ಮೊದಲು ಅಳತೆ ತೆಗೆದು ಆಮೇಲೆ ಸಾಧನ ಕೊಡುತ್ತಾರೆ. ಅಳತೆಯ ದಿನ ತಪ್ಪಿಸಬೇಡಿ. ಬೆನ್ನುಹುರಿಗೆ ಪೆಟ್ಟಾದವರಿಗೆ ಕೂತಲ್ಲೇ ಹುಣ್ಣಾಗುವುದು ಗೊತ್ತಾಗುವುದಿಲ್ಲ. ಕೂತವರು ಆಗಾಗ ಕೈ ಊರಿ ಮೈ ಎತ್ತಬೇಕು, ಮಲಗಿದವರನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒತ್ತಿದರೂ ಮಾಯವಾಗದ ಕೆಂಪು ಕಂಡರೆ ಅದೇ ಹುಣ್ಣಿನ ಶುರು.

ಹಂತ 6: ನೋಡಿಕೊಳ್ಳುವವರನ್ನೂ ನೋಡಿ

ಇಪ್ಪತ್ತು ವರ್ಷದ ಮಗನನ್ನು ದಿನಾ ಎತ್ತಿ ಸ್ನಾನ ಮಾಡಿಸುವ ತಾಯಿಯ ಸೊಂಟ ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ನೀವು ಕೇಳಿ. ರಾತ್ರಿ ನಿದ್ದೆ ಬರುತ್ತದಾ, ಊಟ ಸೇರುತ್ತದಾ ಅಂತಲೂ ಕೇಳಿ. ಮನಸ್ಸು ಭಾರವಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಂಬರು ಕೊಟ್ಟು ಬರುವ ಬದಲು ಮೊದಲ ಕರೆ ನೀವು ಪಕ್ಕದಲ್ಲಿರುವಾಗಲೇ ಮಾಡಿಸಿ.

"ನಾನು ಹೋದ ಮೇಲೆ ಇವನಿಗ್ಯಾರು?" ಅನ್ನುವ ಮಾತು ಎಲ್ಲ ತಾಯಂದಿರ ಬಾಯಲ್ಲೂ ಬರುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. ಮಗ ಅಥವಾ ಮಗಳಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪೋಷಕರ ನೇಮಕಕ್ಕೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಇದೇ ಕಾಯ್ದೆಯಡಿ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಯೂ ಇದೆ. ಕಾಗದ ಆ ಪ್ರಶ್ನೆಗೆ ಪೂರ್ತಿ ಉತ್ತರವಲ್ಲ. ಅದಕ್ಕೇ ನಾಲ್ಕೈದು ಮನೆಯವರನ್ನು ತಿಂಗಳಿಗೊಮ್ಮೆ ಒಂದು ಕಡೆ ಸೇರಿಸಿ. ಒಬ್ಬರು ಊರಿಗೆ ಹೋದಾಗ ಇನ್ನೊಬ್ಬರು ಮಗುವನ್ನು ನೋಡಿಕೊಳ್ಳುವಷ್ಟು ಬಳಕೆ ಬೆಳೆದರೆ ಆ ತಾಯಿಗೆ ಒಂದು ಮದುವೆಗಾದರೂ ಹೋಗಿ ಬರಲು ಆಗುತ್ತದೆ.

ಹಂತ 7: ನೋಟ್‌ಬುಕ್ಕು

ಇನ್ನೂರು ಪುಟದ ಸಾದಾ ನೋಟ್‌ಬುಕ್ಕು ಸಾಕು. ಒಂದು ಮನೆಗೆ ಎರಡು ಪುಟ. ನಾಲ್ಕು ಕಾಲಮ್ ಹಾಕಿ: ಅವರು ಕೇಳಿದ್ದು ಏನು, ಎಲ್ಲಿಗೆ ನಿಂತಿದೆ, ಮುಂದಿನ ಹೆಜ್ಜೆ ಯಾರದು, ಯಾವತ್ತು.

"ಎಲ್ಲಿಗೆ ನಿಂತಿದೆ" ಅನ್ನುವಲ್ಲಿ "ಪ್ರಕ್ರಿಯೆಯಲ್ಲಿದೆ" ಅಂತ ಬರೆಯಬೇಡಿ. ಅದರಿಂದ ಏನೂ ತಿಳಿಯುವುದಿಲ್ಲ. "ಆಡಿಯೋಗ್ರಾಮ್ ಆಗಿಲ್ಲ, ಯಂತ್ರ ರಿಪೇರಿ, ಮುಂದಿನ ಮಂಗಳವಾರ ಫೋನ್ ಮಾಡಬೇಕು" ಅಂತ ಬರೆಯಿರಿ. ಆಗ ನೀವು ರಜೆ ಹಾಕಿದರೂ ಇನ್ನೊಬ್ಬರು ಅಲ್ಲಿಂದ ಮುಂದುವರಿಸಬಹುದು. ಎಲ್ಲ ಕಚೇರಿಗಳಲ್ಲೂ ಕೇಳಿ ಆಗಲಿಲ್ಲ ಅಂದರೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೆ, ಆಮೇಲೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ಬರೆದು ಕೊಡಬಹುದು. ಆಗ ಈ ನೋಟ್‌ಬುಕ್ಕಿನ ದಿನಾಂಕಗಳೇ ನಿಮ್ಮ ಕೈ ಹಿಡಿಯುತ್ತವೆ. ನೋಟ್‌ಬುಕ್ಕು ಬೀಗದಲ್ಲಿರಲಿ. ಅದರಲ್ಲಿ ಜನರ ಮನೆಯ ವಿಷಯ ಇದೆ.

ಆ ಹುಡುಗಿಯ ಪುಟದಲ್ಲಿ ಈಗ ಏಳು ಸಾಲುಗಳಿವೆ. ಆಡಿಯೋಗ್ರಾಮ್ ಆಯಿತು, ಕಾರ್ಡು ಬಂತು, ಶ್ರವಣ ಸಾಧನ ಬಂತು. ಒಂಬತ್ತನೇ ವರ್ಷಕ್ಕೆ ಸಾಧನ ಹಾಕಿದರೆ ಶಬ್ದ ತಿಳಿಯುತ್ತದೆ, ಮಾತು ಸುಲಭವಾಗಿ ಬರುವುದಿಲ್ಲ. ಇದನ್ನು ತಾಯಿಗೆ ಮೊದಲೇ ಹೇಳಿದ್ದೆವು. ಹಾಗಾಗಿ ಅವಳು ಸಂಜ್ಞಾ ಭಾಷೆ ಕಲಿಯುತ್ತಿದ್ದಾಳೆ, ತಾಯಿಯೂ ಜೊತೆಗೆ ಕಲಿಯುತ್ತಿದ್ದಾರೆ. ಆರನೇ ಸಾಲು ಅಪ್ಪನದು: "ಕಲಿಯಲು ಒಪ್ಪಿಲ್ಲ, ಮತ್ತೆ ಮಾತಾಡಬೇಕು." ಏಳನೇ ಸಾಲಿನಲ್ಲಿ ಮುಂದಿನ ಭೇಟಿಯ ದಿನಾಂಕ ಇದೆ, ಅವರು ಗದ್ದೆಯಿಂದ ಮನೆಗೆ ಬರುವ ಹೊತ್ತಿಗೆ, ಸಂಜೆ ಏಳಕ್ಕೆ.